ಟ್ರಾನ್ಸ್‌ಫಾರ್ಮರಿನ ಎರಡನೇ ಕಾಲು

ಮೊದಲನೇ ಕಾಲಿನ ಬೆಸುಗೆ ಹೇಗೋ ಬಿಟ್ಟಿತ್ತು. ಎರಡನೆಯದು ಮಾತ್ರ ಜಪ್ಪಯ್ಯ ಅಂದರೂ ಕರಗಲಿಲ್ಲ. ರೇಡಿಯೋದೊಳಗಿನ ಸುಟ್ಟ ಟ್ರಾನ್ಸ್‌ಫಾರ್ಮರು ಬೋರ್ಡನ್ನು ಕಚ್ಚಿಕೊಂಡೇ ಕೂತಿತ್ತು.

ಶಹಾಬಾದದಲ್ಲಿ ನಮ್ಮದೊಂದು ರೇಡಿಯೋ ರಿಪೇರಿ ಅಂಗಡಿ. ಕಸುಬು ನಮ್ಮ ಯಜಮಾನರದು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ ಇವರ ಕಣ್ಣು ಮಂಜಾಯಿತು, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ನನ್ನ ಕೈಗೆ ಬಂತು.

"ಔಷಧ ಹಾಕಲಿಕತ್ತೀನಿ, ಕಣ್ಣು ಬರ್ತಾವ. ಅಲ್ಲೀತನಕ ನೀ ಕಲಿ, ಅಂಗಡಿ ಮುಚ್ಚೋದು ಬ್ಯಾಡ" ಅಂದಿದ್ದರು. ನಾನೂ ಅದನ್ನೇ ನಂಬಿ ಕೂತಿದ್ದೆ.

"ಹೊಸಾ ಸೋಲ್ಡರ್ ಹಚ್ಚು, ಭಾಗಮ್ಮ" ಎಂದು ಸ್ಟೂಲಿನ ಮೇಲಿಂದ ಇವರ ಹುಕುಂ.

"ತೆಗೀಲಿಕ್ಕೆ ಹೆಣಗಲಿಕತ್ತೀನಿ, ಮತ್ತ ಹಚ್ಚು ಅಂತೀರಲ್ಲ!"

"ಹೊಸದರ ಕೂಡ ಸೇರಿದ್ರನ ಹಳೇದು ಕರಗತದ. ಹಚ್ಚು."

ಹಚ್ಚಿದೆ. ಬೆಸುಗೆಯ ಗುಡ್ಡೆ ಇನ್ನಷ್ಟು ದೊಡ್ಡದಾಯಿತು, ಅಷ್ಟೇ. ಸೋಲ್ಡರಿನ ರಾಳದ ಹೊಗೆ ಮೂಗಿಗೆ, ಬೆವರು ಕಣ್ಣಿಗೆ. ಅಳು ಬರುವಷ್ಟು ಸಿಟ್ಟು ಬಂತು.

"ಸೆಟ್ ಎದರ ಮ್ಯಾಲ ಇಟ್ಟಿ?"

"ಎದರ ಮ್ಯಾಲ ಇಡ್ತಾರ್ರಿ? ಟೇಬಲ್ ಮ್ಯಾಲ."

ನಮ್ಮೂರಲ್ಲಿ ಟೇಬಲ್ಲಿಗೂ ಹಾಸುಗಲ್ಲೇ. ಸೆಟ್ಟಿನ ತಗಡು ಆ ತಣ್ಣನೆಯ ಕಲ್ಲಿಗೆ ತಾಗಿಕೊಂಡಿತ್ತು.

"ಕಾವೆಲ್ಲ ಕಲ್ಲು ಕುಡೀಲಿಕತ್ತದಲ್ಲ! ನಾ ಯಾವಾಗ್ಲೂ ಗೋಣಿಚೀಲ ಹಾಸಿ ತೊಡಿ ಮ್ಯಾಲ ಇಟ್ಕೋತಿದ್ದೆ."

"ಇದನ್ನ ಮುಂಜಾನಿನೇ ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?"

ಗೋಣಿಚೀಲ ಹಾಸಿದೆ. ಬೆಸುಗೆ ಕೂಡಲೇ ನೀರಾಯಿತು. ಮುಂಜಾನೆಯ ಸಿಟ್ಟೆಲ್ಲ ಕೈಗೆ ಬಂದು ಜಗ್ಗಿಬಿಟ್ಟೆ. ಕಾಲು ಬಂತು. ಅದರ ಜೊತೆ ಬೋರ್ಡಿನ ತಾಮ್ರದ ಪಟ್ಟಿಯೂ ಕಿತ್ತು ಉಗುರಿನಷ್ಟು ಮೇಲೆದ್ದಿತು. ಕೆಟ್ಟೆ ಅಂದುಕೊಂಡೆ. ಬೈಸಿಕೊಳ್ಳಲು ತಯಾರಾಗಿ, ತಿರುಗಿ ಬೈಯಲೂ ತಯಾರಾಗಿ ಬೋರ್ಡನ್ನು ಇವರ ಕೈಗಿಟ್ಟೆ.

ಅಂಚು ಹಿಡಿದು ಬಾಗಿಲ ಬಿಸಿಲಿಗೆ ಒಡ್ಡಿದರು. ಮೂಗಿನ ಹತ್ತಿರ ತಂದು ಆ ಕಡೆ ಈ ಕಡೆ ಹೊರಳಿಸಿ ನೋಡಿದರು. ಕಿತ್ತ ಪಟ್ಟಿ ಅವರ ಕಣ್ಣೆದುರೇ ಹೊಳೆಯುತ್ತಿತ್ತು.

"ಶಾಬಾಸ್! ಪಟ್ಟಿ ಒಂದೂ ಎದ್ದಿಲ್ಲ, ನೋಡು."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಔಷಧದ ಮಾತೆಲ್ಲ ನನ್ನ ಸಮಾಧಾನಕ್ಕೆ ಹೇಳಿದ್ದು. ಈ ಕಣ್ಣು ಇನ್ನು ಬರುವುದಿಲ್ಲ.

ಬೋರ್ಡನ್ನು ಮೆಲ್ಲಗೆ ಇಸಿದುಕೊಂಡೆ.

"ರೀ, ಒಂದ್ ವ್ಯಾಳ್ಯಾ ಪಟ್ಟಿ ಎದ್ರ ಹ್ಯಾಂಗ ಜೋಡಿಸಬೇಕ್ರಿ? ಅದನ್ನೂ ಈಗೇ ಕಲಿಸ್ರಿ."