ಕೈಕಟ್ಟಿ ನಿಂತವನ ಪುರಾಣ

ಸವಣೂರಿನ ಮಠದ ಓಣಿಯ ಭಾಗೀರಥಿಬಾಯಿಯವರಿಗೆ ಮಧ್ಯಾಹ್ನದ ಊಟ ತಪ್ಪಿದರೂ ನಡೆದೀತು, ಊಟದ ಮೇಲಿನ ಪುರಾಣ ತಪ್ಪಿದರೆ ನಡೆಯುತ್ತಿರಲಿಲ್ಲ. ದಿನಾಲೂ ಬಂದು ಓದಿಹೇಳುತ್ತಿದ್ದ ಆಚಾರ್ಯರು ಚಾತುರ್ಮಾಸ್ಯಕ್ಕೆಂದು ಸ್ವಾಮಿಗಳ ಜೊತೆ ಪರವೂರಿಗೆ ಹೋಗಿಬಿಟ್ಟರು. ಬಾಯಿಯವರು ತಾವೇ ಓದಿಕೊಳ್ಳೋಣವೆಂದರೆ ಕಣ್ಣಿನ ಪೊರೆ ತೆಗೆಸಿದ ಹೊಸತು. ಪುಸ್ತಕ ಮುಟ್ಟಕೂಡದೆಂದು ಡಾಕ್ಟರು ತಾಕೀತು ಮಾಡಿದ್ದರು. ಕೈ ಹೂಬತ್ತಿ ಹೊಸೆಯುತ್ತಿತ್ತು, ಕಿವಿಗೆ ಕೆಲಸವಿರಲಿಲ್ಲ. ಹಾಗಾಗಿ ಅವರು ಮನೆಮಂದಿಯ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡತೊಡಗಿದರು. ಮನೆಮಂದಿ ಕಂಗಾಲಾದರು.

ಮೊಮ್ಮಗಳು ವೃಂದಾಳಿಗೆ ಮಾತ್ರ ಇದೇ ಸರಿಯಾದ ಸಮಯ ಅನ್ನಿಸಿತು. ಬೀದಿಗೆ ಹೊಂದಿಕೊಂಡ ಹೊರಖೋಲಿಯ ಮೇಲೆ ಅವಳ ಕಣ್ಣಿತ್ತು. ಹಿರೇಬೆಂಡಿಗೇರಿಯ ಗೆಳತಿ ನೀಲಾಂಬಿಕಾ ಮತ್ತು ಇವಳು ಕೂಡಿ, ಕಾಲೇಜು ಮುಗಿಸಿದ ಮೇಲೆ, ಒಂದು ಡಬ್ಬಿ ತಯಾರಿಸಿದ್ದರು. ಹೊಲದ ಪಂಪ್‌ಸೆಟ್ಟಿಗೆ ಅದನ್ನು ಜೋಡಿಸಿದರೆ ಸಾಕು. ಕರೆಂಟು ಬಂದದ್ದು, ಹೋದದ್ದು, ಮೋಟರು ಬಿಸಿಯಾದದ್ದು, ಎಲ್ಲ ಸುದ್ದಿಯೂ ರೈತನ ಮೊಬೈಲಿಗೆ ಮುಟ್ಟುತ್ತಿತ್ತು. ನೀಲಾಂಬಿಕಾಳ ಅಪ್ಪ ಮಲ್ಲೇಶಪ್ಪನ ಹೊಲದಲ್ಲಿ ಡಬ್ಬಿ ತಕರಾರಿಲ್ಲದೆ ದುಡಿದದ್ದನ್ನು ನೋಡಿ ಸುತ್ತಮುತ್ತಲಿನ ರೈತರು ತಮಗೂ ಬೇಕೆಂದಿದ್ದರು. ಇನ್ನು ಕೂತು ಮಾಡಲು ಒಂದು ಜಾಗ ಬೇಕಿತ್ತು.

ಆದರೆ ಅದೇ ಖೋಲಿಯ ಗೋಡೆ ಒಡೆದು, ಷಟರ್ ಹಾಕಿಸಿ, ತಮ್ಮ ಹೊಸ ಕಾರು ನಿಲ್ಲಿಸಬೇಕೆಂದು ವೃಂದಾಳ ಅಪ್ಪ ಪ್ರಾಣೇಶರಾಯರೂ ಹೊಂಚು ಹಾಕಿದ್ದರು. ಬ್ಯಾಂಕಿನಲ್ಲಿ ಊರವರ ಸಾಲಕ್ಕೆಲ್ಲ ಸಹಿ ಹಾಕುವ ರಾಯರು ಮನೆಯಲ್ಲಿ ತಾಯಿಯನ್ನು ಕೇಳದೆ ಒಂದು ಮೊಳೆ ಹೊಡೆಯುವಂತಿರಲಿಲ್ಲ. ಖೋಲಿ ಭಾಗೀರಥಿಬಾಯಿಯವರದು, ಕೀಲಿಕೈ ಅವರ ಸೊಂಟದಲ್ಲಿ.

"ಖೋಲಿ ಯಾರಿಗಂತ ದಸರಾಕ್ಕ ಹೇಳ್ತೇನಿ. ಅಲ್ಲೀತನಕ ಅಪ್ಪ ಮಗಳು ಇಬ್ಬರೂ ನನ್ನ ತಲಿ ತಿನಬ್ಯಾಡ್ರಿ," ಎಂದುಬಿಟ್ಟಿದ್ದರು ಅವರು.

ಒಂದು ಮಧ್ಯಾಹ್ನ ವೃಂದಾ ಮೆಲ್ಲಗೆ ಅಜ್ಜಿಯ ಮಗ್ಗುಲಿಗೆ ಬಂದು ಕೂತಳು.

"ಅಜ್ಜಿ, ಒಂದು ಪುಸ್ತಕ ಅದ. ನೀ ಕೇಳಲೇಬೇಕು. ಭಾಳ ದೊಡ್ಡ ಮನಷ್ಯಾನ ಚರಿತ್ರಾ."

"ಅವತಾರ ಪುರುಷನೋ, ಬರೇ ಭಕ್ತನೋ?"

"ಎರಡೂ ಅಲ್ಲ. ಕಂಪ್ಯೂಟರ್ ಕಂಪನಿ ಕಟ್ಟಿದಾಂವ."

ಭಾಗೀರಥಿಬಾಯಿ ಕಪ್ಪು ಕನ್ನಡಕದ ಒಳಗಿಂದಲೇ ಮುಖಪುಟವನ್ನು ಪರೀಕ್ಷಿಸಿದರು. ಡಾರೆನ್ ಹಾಲ್ವೆ ಎಂಬ ಅಮೆರಿಕದ ಆ ಮಹಾಶಯ ಎದೆಯ ಮೇಲೆ ಎರಡೂ ಕೈ ಕಟ್ಟಿ ನಿಂತಿದ್ದ.

"ಕೈಕಟ್ಟಿ ನಿಂತಾನ. ಇಷ್ಟು ದೊಡ್ಡಾಂವಾಗಿ ವಿನಯ ಬಿಟ್ಟಿಲ್ಲ ನೋಡು. ಹಾಂ, ಓದು."

ವೃಂದಾ ಹಿಗ್ಗಿದಳು. ಕನ್ನಡಕ್ಕೆ ಅನುವಾದವಾಗಿದ್ದ ಆ ಪುಸ್ತಕ ಅವಳಿಗೆ ಪ್ರಾಣ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಅದನ್ನು ಓದಿರೆಂದು ಹೇಳುವ ಚಟ ಅವಳದು. ಜಗತ್ತನ್ನೇ ಬದಲಿಸಿದ ಕಂಪನಿ ಒಂದು ಹಳೆಯ ಷೆಡ್ಡಿನಲ್ಲಿ ಹುಟ್ಟಿತೆಂಬ ಅಧ್ಯಾಯ ಅದರಲ್ಲಿತ್ತು. ಅದೊಂದು ಅಜ್ಜಿಯ ಕಿವಿಗೆ ಬಿದ್ದರೆ ಖೋಲಿ ತಂತಾನೇ ಕೈಗೆ ಬರುತ್ತದೆಂದು ಅವಳ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪಿದ್ದು ಮೊದಲನೇ ದಿನವೇ. ಹುಡುಗ ಹಾಲ್ವೆ ಪರೀಕ್ಷೆಯಲ್ಲಿ ನಪಾಸಾದಲ್ಲಿಗೆ ಅವಳು ಪುಸ್ತಕ ಮುಚ್ಚಹೋದಳು.

"ಹುಚ್ಚಿ! ಅಶುಭದ ಜಾಗಾದಾಗ ಯಾರರೆ ನಿಲ್ಲಸ್ತಾರೇನು? ಮನಿಗೆ ಆಗಿಬರೂದಿಲ್ಲ. ಏನರೆ ಮಂಗಳ ಆಗೂತನಕ ಓದು."

ಪುರಾಣದಲ್ಲಾದರೆ ಅಲ್ಲಲ್ಲಿ ಒಂದು ಮದುವೆ, ಒಂದು ಪಟ್ಟಾಭಿಷೇಕ ಸಿಗುತ್ತದೆ. ಈ ಹಾಲ್ವೆಯ ಬದುಕಿನಲ್ಲಿ ಮಂಗಳವೆಂಬುದಕ್ಕೇ ಬರಗಾಲ. ನಪಾಸಾದ, ಕೆಲಸ ಕಳಕೊಂಡ, ಕೋರ್ಟು ಹತ್ತಿದ. ಮದುವೆಯೊಂದು ಬಂತಲ್ಲ ಎಂದು ವೃಂದಾ ಉಸಿರು ಬಿಡುವಷ್ಟರಲ್ಲಿ ಮುಂದಿನ ಸಾಲಿನಲ್ಲೇ ವಿಚ್ಛೇದನ. ದೀಪ ಹಚ್ಚುವ ಹೊತ್ತಾದರೂ ಎದ್ದೇಳುವಂತಿರಲಿಲ್ಲ. ಗಂಟಲು ಆರಿ ಕೊರಡಾಯಿತು.

ಅಂತೂ ಒಂದು ದಿನ ಷೆಡ್ಡು ಬಂತು. ವೃಂದಾ ದನಿಗೆ ಜೇನು ಸವರಿ ಓದಿದಳು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು: "ಷೆಡ್ ಯಾರದು?"

"ಅವನ ಜೋಡಿ ಕೆಲಸಾ ಮಾಡ್ತಿದ್ನಲ್ಲ ಟಾಮ್, ಅವರವ್ವಂದು."

"ಬಾಡಿಗಿಗೋ?"

"ಇಲ್ಲ, ಹಂಗ ಕೊಟ್ಟಿದ್ಲು."

"ಪುಣ್ಯವಂತಿ. ಮುಂದ ಆಕಿಗೇನಾತು?"

"ಮುಂದ ಬರ್ತದ ಅಜ್ಜಿ," ಎಂದಳು ವೃಂದಾ. ಬರುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಅಷ್ಟು ಸಲ ಓದಿದವಳು ಆ ಮುದುಕಿಯನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಮರುದಿನ ನೀಲಾಂಬಿಕಾ ಹೊಸ ಡಬ್ಬಿ ತೋರಿಸಲು ಬಂದವಳು ತಾನೂ ಕೇಳುತ್ತ ಕೂತಳು. ಓದುತ್ತಿದ್ದ ವೃಂದಾಳ ಕಣ್ಣು ನಾಲ್ಕು ಸಾಲು ಮುಂದೆ ಓಡಿತು. ಹಾಲ್ವೆ ಉಪಾಯದಿಂದ ಟಾಮನ ಸಹಿ ಹಾಕಿಸಿಕೊಂಡು ಅವನನ್ನು ಕಂಪನಿಯಿಂದ ಹೊರಗಟ್ಟುವ ಅಧ್ಯಾಯ ಅದು. ಹಿಂದೆ ಓದಿದಾಗೆಲ್ಲ ಅದು ಅವಳಿಗೆ ಜಾಣತನವಾಗಿ ಕಂಡಿತ್ತು. ಈಗ ಪಕ್ಕದಲ್ಲಿ ನೀಲಾಂಬಿಕಾ ಕೂತಿದ್ದಳು. ಮೇಲಾಗಿ, ಆ ಅಧ್ಯಾಯದಲ್ಲಿ ಮಂಗಳವೆಂಬುದು ಭೂತಗನ್ನಡಿ ಹಿಡಿದು ಹುಡುಕಿದರೂ ಇರಲಿಲ್ಲ. ವೃಂದಾ ಒಂದು ಹಿಡಿ ಹಾಳೆಯನ್ನು ಗಪ್ಪನೆ ಮಗುಚಿ, ಸರಕಾರದವರು ಹಾಲ್ವೆಯನ್ನು ಸನ್ಮಾನಿಸಿದಲ್ಲಿಗೆ ಬಂದಳು. ಇರಲಿ ಎಂದು, ಪುಸ್ತಕದಲ್ಲಿಲ್ಲದ ಒಂದು ಹಾರವನ್ನೂ ಅವನ ಕೊರಳಿಗೆ ತಾನೇ ಹಾಕಿದಳು.

"ಟಾಮಣ್ಣ ಎಲ್ಲೆ?" ಎಂದರು ಅಜ್ಜಿ.

"ಅಂವ... ಅಲ್ಲೇ ಇರಬೇಕು."

"ಇರಬೇಕಂದ್ರೇನು? ನಿನ್ನೆತನಕ ಇಬ್ಬರೂ ಒಂದ ತಾಟಿನ್ಯಾಗ ಉಣ್ಣೋರು, ಇವತ್ತ ಹಾರ ಒಬ್ಬನ ಕೊಳ್ಳಾಗ! ಪುರಾಣದಾಗ ಯಾರೂ ಹಂಗ ಮಾಯ ಆಗೂದಿಲ್ಲ. ಸತ್ತರ ಸತ್ತಾ ಅಂತಾರ, ವನವಾಸಕ್ಕ ಹೋದರ ಹೋದಾ ಅಂತಾರ. ನೀ ಹಾಳಿ ಹಾರಿಸೀದಿ."

ನೀಲಾಂಬಿಕಾ ನಕ್ಕಳು. "ಓದಲೇ ವೃಂದಾ. ಈ ಪುಸ್ತಕ ಓದು, ಓದು ಅಂತ ನನ್ನ ಜೀವಾ ತಿಂದೀದಿ. ಈಗ ನಾನೂ ಕೇಳ್ತೇನಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ವೃಂದಾ ಓದಿದಳು. ಸಾಲು ಸಾಲಿಗೂ ಅವಳ ದನಿ ಕುಗ್ಗುತ್ತ ಹೋಯಿತು. ಟಾಮ್ ತನ್ನ ಇಕ್ಕಳ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಲ್ಲಿಗೆ ನೀಲಾಂಬಿಕಾಳ ನಗೆಯೂ ನಿಂತಿತು.

"ಇವನಂಗ ಆಗಬೇಕು ಅಂತಿದ್ದೆಲ್ಲ ನೀ," ಎಂದಳು ಅವಳು. ಸಿಟ್ಟಿನಿಂದೇನೂ ಅಲ್ಲ, ಅದೇ ಹೆಚ್ಚು ಚುಚ್ಚಿತು.

ವೃಂದಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತಾನೇ ಹಾಲ್ವೆ ಎಂದುಕೊಂಡು ಅವಳು ಇಷ್ಟು ದಿನ ಈ ಪುಸ್ತಕ ಓದಿದ್ದಳು. ಹಾಗಾದರೆ ಟಾಮ್ ಯಾರು ಎಂದು ಕೇಳಿಕೊಂಡಿರಲೇ ಇಲ್ಲ.

"ಷೆಡ್ಡಿನಾಕಿ ಎಲ್ಲೆ ಬರ್ತಾಳ?" ಅಜ್ಜಿ ಬಿಡಲಿಲ್ಲ.

ವೃಂದಾ ಪುಸ್ತಕವನ್ನು ಹಿಂದೆ ಮುಂದೆ ತಿರುವಿದಳು. "ಅದೊಂದು ಸಾಲು ಅಷ್ಟ, ಅಜ್ಜಿ. ಮತ್ತೆಲ್ಲೂ ಇಲ್ಲ."

"ಹೆಸರು?"

"ಹೆಸರೂ ಇಲ್ಲ."

ಭಾಗೀರಥಿಬಾಯಿಯವರ ಮುಖ ಕೆಂಪಾಯಿತು. "ಮಗನ್ನ ಹೊರಗ ಹಾಕಿದ್ರು, ಖೋಲಿ ಕೊಟ್ಟಾಕಿ ಹೆಸರು ನುಂಗಿದ್ರು. ಇದನ್ನ ನನಗ ಕೇಳು ಅಂತ ತಂದೀಯೇನು? ಕೈಕಟ್ಟಿದ್ದು ವಿನಯಕ್ಕ ಅಂದ್ಕೊಂಡಿದ್ದೆ. ಅಲ್ಲ, ಯಾರಿಗೂ ಏನೂ ಕೊಡಬಾರದಂತ ಕಟ್ಟ್ಯಾನ!"

ಖೋಲಿ ಕಾರಿಗೇ ಹೋಯಿತೆಂದು ವೃಂದಾಳಿಗೆ ಖಾತ್ರಿಯಾಯಿತು. ಪುಸ್ತಕ ಮುಚ್ಚಿದಳು. "ಖೋಲಿ ಅಪ್ಪಗ ಕೊಡು ಅಜ್ಜಿ. ತಪ್ಪು ನಂದ. ನೀಲಾ, ಡಬ್ಬಿ ಮ್ಯಾಲೆ ನಿನ್ನ ಹೆಸರ ಮೊದಲು ಹಾಕೂಣು."

"ಹೆಸರು ಆಮ್ಯಾಲೆ ಹಾಕೂಣಂತ," ಎಂದಳು ನೀಲಾಂಬಿಕಾ, ಅವಳ ಕೈ ಹಿಡಿದು. "ಈಗ ಡಬ್ಬಿ ಎಲ್ಲಿ ಮಾಡೂಣು, ಅದನ್ನ ಹೇಳು. ನಮ್ಮ ದನದ ಕೊಟ್ಟಿಗ್ಯಾಗ?"

ಇಬ್ಬರೂ ಏಳಹೋದರು.

"ಕೂಡ್ರಿ ಇಬ್ಬರೂ!" ಅಜ್ಜಿ ಗುಡುಗಿದರು. "ಇಂಥಾ ಅಶುಭದಾಗ ಎದ್ದು ಹೊಂಟೀರೇನು? ಮಂಗಳ ಆಗೂದು ಬ್ಯಾಡ?"

"ಪುಸ್ತಕದಾಗ ಮಂಗಳ ಇಲ್ಲ ಅಜ್ಜಿ."

"ಪುಸ್ತಕದಾಗ ಇರಲಿಕ್ಕಂದ್ರ ಮನ್ಯಾಗ ಇರಬಾರದೇನು?"

ಹಾಗೆಂದು ಅವರು ಸೊಂಟದ ಕೀಲಿಕೈ ಬಿಚ್ಚಿದರು. ವೃಂದಾ ಕೈಯೊಡ್ಡಿದಳು. ಅಜ್ಜಿ ಆ ಕೈಯನ್ನು ದಾಟಿ ನೀಲಾಂಬಿಕಾಳ ಅಂಗೈಗೆ ಕೀಲಿಕೈ ಹಾಕಿದರು. "ಇದು ನಿನ್ನ ಹತ್ರ ಇರಲಿ. ನಮ್ಮ ಹುಡುಗಿ ಪುಸ್ತಕಾ ಭಾಳ ಓದ್ಯಾಳ. ಮತ್ತ ಬಾಗಲ ಮ್ಯಾಲಿನ ಬೋರ್ಡಿನ್ಯಾಗ ಮೂರು ಹೆಸರು ಇರಬೇಕು. ಮೂರನೇದು ಯಾರದಂತ ನಾ ಹೇಳಬೇಕೇನು?"

ಮಂಗಳವಾಯಿತೆಂದು ಎಲ್ಲರ ಕೈಗೂ ಸಕ್ಕರೆ ಬಿತ್ತು. ಬ್ಯಾಂಕಿನಿಂದ ಬಂದ ಪ್ರಾಣೇಶರಾಯರು ಯಾಕೆಂದು ಕೇಳದೆ ಸಕ್ಕರೆ ಬಾಯಿಗೆ ಹಾಕಿಕೊಂಡರು, ಕೇಳಿದ ಮೇಲೆ ನುಂಗಲಾಗಲಿಲ್ಲ.

"ಅವ್ವಾ, ನನ್ನ ಕಾರು?"

"ಬೀದಿ ಎಷ್ಟು ಅಗಲ ಅದಲ್ಲೋ, ಪ್ರಾಣ್ಯಾ!"

ಚಾತುರ್ಮಾಸ್ಯ ಮುಗಿದು ಆಚಾರ್ಯರು ಮರಳಿದರು, ಪುರಾಣ ಮತ್ತೆ ಹಳಿಗೆ ಬಂತು. ಆದರೆ ಭಾಗೀರಥಿಬಾಯಿ ಮಾತ್ರ ಮಠಕ್ಕೆ ಹೋದಾಗಲೆಲ್ಲ ಆ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡೇ ಹೋಗುತ್ತಾರೆ. ಸಿಕ್ಕ ಹೆಂಗಸರಿಗೆಲ್ಲ ಓದಿರೆಂದು ಹೇಳುತ್ತಾರೆ. ಯಾರ ಚರಿತ್ರೆ ಎಂದು ಅವರು ಕೇಳಿದರೆ ಸಿದ್ಧ ಉತ್ತರವಿದೆ.

"ಒಬ್ಬ ಪುಣ್ಯವಂತಿ ತನ್ನ ಷೆಡ್ ಕೊಟ್ಟ ಕಥಿರಿ. ಷೆಡ್ಡಿನ ಅಧ್ಯಾಯದಾಗ ಒಂದು ಸಾಲು ಬರ್ತಾಳ, ಕೈಮುಗಿದು ಓದ್ರಿ. ಉಳಿದದ್ದರ ತುಂಬ ಯಾವನೋ ಕೈಕಟ್ಟಿದಾಂವ ಅಡ್ಡಾಡ್ತಾನ. ಅವನ್ನ ಹಾರಿಸಿ ಓದಿದ್ರೂ ದೋಷ ಇಲ್ಲ."