ವಾಲುವ ತುಳಸಿಕಟ್ಟೆ

ಮುಂಬಯಿ ಹೊರವಲಯದ ಬದಲಾಪುರದಲ್ಲಿ, ಗುಡ್ಡದ ಇಳಿಜಾರಿನಲ್ಲಿದ್ದ ತನ್ನ ಮನೆಯ ಹಿತ್ತಲಲ್ಲಿ ಜಗನ್ನಾಥ ತುಳಸಿಕಟ್ಟೆಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಪ್ರತಿ ಮಳೆಗಾಲ ಮುಗಿದಾಗಲೂ ಕಟ್ಟೆ ಇಳಿಜಾರಿನ ಕಡೆಗೆ ಒಂದಿಷ್ಟು ವಾಲಿರುತ್ತಿತ್ತು. ತಗ್ಗಿದ ಬದಿಗೆ ಕಲ್ಲು ಚೂರು ಕೊಟ್ಟು, ಗಾರೆ ಮೆತ್ತಿ ನೇರ ಮಾಡುವುದು ಆ ಮನೆಯಲ್ಲಿ ತುಳಸಿ ಪೂಜೆಯದೇ ಒಂದು ಭಾಗವಾಗಿಬಿಟ್ಟಿತ್ತು. ಈ ಸಲ ದೀಪಾವಳಿಗೂ ಮೊದಲೇ ಆ ಕೆಲಸ ಮುಗಿಸಿದ್ದ. ಮನೆ ಕೊಳ್ಳುವವರು ನೋಡಲು ಬರುವವರಿದ್ದರು.

ಡೊಂಬಿವಲಿಯಿಂದ ವಿಶಾಲ್ ಮತ್ತು ಅವನ ಹೆಂಡತಿ ಪ್ರೇಕ್ಷಾ ಬಂದರು. ಊರ ಕಡೆಯವರೇ. ವಿಶಾಲ್ ಸ್ಟೇಷನ್ನಿನ ದೂರ, ನೀರು ಬರುವ ಹೊತ್ತು ಎಲ್ಲ ವಿಚಾರಿಸಿ, ಕೊನೆಗೆ ಮಳೆಗೆ ಗುಡ್ಡ ಜರಿಯುವುದುಂಟೇ ಎಂದು ಕೇಳಿದ. ಇಷ್ಟು ವರ್ಷದಲ್ಲಿ ಒಂದು ಕಲ್ಲೂ ಉರುಳಿ ಬಂದಿಲ್ಲವೆಂದ ಜಗನ್ನಾಥ. ಅದು ಸುಳ್ಳಾಗಿರಲಿಲ್ಲ. ಆದರೂ ಹೇಳುವಾಗ ಅವನ ಕಣ್ಣು ನೆಲ ನೋಡುತ್ತಿತ್ತು.

ಪ್ರೇಕ್ಷಾ ಕಟ್ಟೆಗೆ ಕೈ ಮುಗಿದಳು. "ಇದನ್ನು ಕೀಳ್ಬೇಡಿ ಅಂಕಲ್. ಅಲ್ಲಿ ನನ್ನ ತುಳಸಿ ಕಿಟಕಿ ಗ್ರಿಲ್ಲಿಗೆ ನೇತಾಡ್ತಾ ಉಂಟು. ಇದು ಎಷ್ಟು ನೆಟ್ಟಗೆ ಉಂಟು ನೋಡಿ." ಮತ್ತೆ ಗಂಡನ ಕಡೆ ತಿರುಗಿ, "ಈ ಹಿಂದಿನ ಕೋಣೆ ಅಮ್ಮನಿಗೆ ಆಗ್ತದೆ. ಅವರಿಗೆ ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ" ಎಂದಳು.

ಜಗನ್ನಾಥ ಅಡುಗೆಮನೆಗೆ ಬಂದು, ಕಟ್ಟೆ ವಾಲುವ ವಿಷಯ ಹೇಳಿಬಿಡುತ್ತೇನೆಂದ. ಚಹಾ ಕುದಿಸುತ್ತಿದ್ದ ಸರಳಾ ಗಂಡನ ಮುಖ ನೋಡಿದಳು.

"ಹೇಳಿದ್ರೆ ಯಾರು ತಗೊಳ್ತಾರೆ? ಇನ್ನೊಂದು ಮಳೆಗಾಲ ನಾವೇ ಇಲ್ಲಿ ಇರುದಾ? ಮಳೆ ಜೋರಾದ್ರೆ ಹಿಂದಿನ ಕೋಣೆಯಲ್ಲಿ ನನ್ಗೆ ಕಣ್ಣು ಮುಚ್ಲಿಕ್ಕೆ ಆಗುದಿಲ್ಲ ಅಂತ ನಿಮ್ಗೆ ಗೊತ್ತುಂಟು."

"ಆ ಕೋಣೆಯಲ್ಲಿ ಅವಳ ಅಮ್ಮನನ್ನು ಮಲಗಿಸುದಾ?"

ಸರಳಾ ಗ್ಯಾಸ್ ಆರಿಸಿದಳು.

ಜಗನ್ನಾಥ ಹಾರೆ ಹಿಡಿದು ಹಿತ್ತಲಿಗೆ ನಡೆದ. ಹಸಿ ಗಾರೆ ಸುಲಭವಾಗಿ ಕಳಚಿತು. ಒಳಗೆ ಕಲ್ಲು ಚೂರುಗಳು, ಒಂದರ ಮೇಲೊಂದು, ಹಳೆಯ ಕೆಂಪು ಬಣ್ಣ ಮೆತ್ತಿಕೊಂಡು ಕೂತಿದ್ದವು. ಮೇಲಿನದನ್ನು ಎಳೆದದ್ದೇ ಕಟ್ಟೆ ಮೆಲ್ಲಗೆ ಓರೆಯಾಯಿತು.

"ಒಂದೊಂದು ಮಳೆಗೆ ಒಂದೊಂದು ಕೊಟ್ಟದ್ದು," ಎಂದ. "ವಾಲುದು ಕಟ್ಟೆ ಅಲ್ಲ ಮಗಾ, ಅಡಿಯ ನೆಲ. ಮಣ್ಣು ಪರೀಕ್ಷೆ ಮಾಡುವವರನ್ನು ಕರ್ಕೊಂಡು ಬನ್ನಿ. ಮಳೆಗಾಲದಲ್ಲಿಯೂ ಒಮ್ಮೆ ಬಂದು ನೋಡಿ. ಆಮೇಲೆ ಮಾತಾಡುವ."

ವಿಶಾಲ್ ಬಗ್ಗಿ ಆ ಕಲ್ಲುಗಳನ್ನೇ ನೋಡಿದ. ಪ್ರೇಕ್ಷಾ ಹಿಂದಿನ ಕೋಣೆಯ ಕಿಟಕಿಯತ್ತ ಒಮ್ಮೆ ನೋಡಿ ಗಂಡನ ತೋಳು ಹಿಡಿದುಕೊಂಡಳು. ಚಹಾ ಕುಡಿದು ಇಬ್ಬರೂ ಹೊರಟರು.

ಸಂಜೆ ಸರಳಾ ವಾಲಿದ ಕಟ್ಟೆಯ ಮೇಲೆಯೇ ಹಣತೆ ಇಟ್ಟಳು. ಎಣ್ಣೆಯೆಲ್ಲ ಇಳಿಜಾರಿನ ಬದಿಗೆ ಸರಿದು ನಿಂತಿತು. ಜಗನ್ನಾಥ ಅದನ್ನು ನೋಡುತ್ತ ಕೂತ. ಕಟ್ಟೆಯ ಅಡಿಗೆ ಕೊಡಲು ಕಲ್ಲು ಹುಡುಕಲಿಲ್ಲ.