ನನ್ನ ಕೈ, ಅವಳ ಗದ್ದ

ಪೂನಂ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಬಸ್ಸು ಹತ್ತಿದಳು. ಏಪ್ರಿಲ್ ಬಿಸಿಲಿಗೆ ದುಬಲಗುಂಡಿಯ ಹುಡುಗಿಯರೆಲ್ಲ ಹಾಗೆಯೇ ಸುತ್ತಿಕೊಳ್ಳುವುದರಿಂದ ಯಾರೂ ತಿರುಗಿ ನೋಡಲಿಲ್ಲ. ಆದರೆ ನನ್ನ ಮಗಳು ಶ್ರಾವಣದ ಮೋಡದಲ್ಲೂ ಸುತ್ತಿಕೊಳ್ಳುವವಳು. ಅವಳ ಗದ್ದದ ಮೇಲೆ, ದವಡೆಯ ಅಂಚಿಗೆ, ಒರಟಾದ ಕಪ್ಪು ಕೂದಲು ಬರುತ್ತದೆ. ಕಾಲೇಜಿಗೆ ಹೋಗುವಾಗ ಶುರುವಾದದ್ದು ಇನ್ನೂ ನಿಂತಿಲ್ಲ.

ಬಿ.ಎಡ್. ಮುಗಿಸಿದ್ದಳು. ಹಳ್ಳಿಖೇಡದ ಒಂದು ಖಾಸಗಿ ಶಾಲೆಯವರು ಜೂನ್‌ನಿಂದ ಮೂರನೇ ತರಗತಿಗೆ ಬಾ ಎಂದಿದ್ದರು. ತರಬೇತಿಯ ಪಾಠಕ್ಕೆ ಹೋದಾಗ ಒಂದು ಮಗು ಎದ್ದು ನಿಂತು, ಟೀಚರಿಗೆ ಗಡ್ಡ ಬರುತ್ತದೆಯೇ ಎಂದು ಕೇಳಿತ್ತಂತೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಮಕ್ಕಳು ಹಾಗೆ. ಆದರೆ ಹಿಂದೆ ಕೂತಿದ್ದ ಮೇಷ್ಟ್ರು ನಕ್ಕುಬಿಟ್ಟರು. ಗದ್ದ ಸಾಫಾಗದೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಪೂನಂ ಅವತ್ತೇ ಹೇಳಿದಳು. ಅವಳು ಹೇಳಿದರೆ ಹೇಳಿದ ಹಾಗೆ. ಅವಳಪ್ಪ ಅಂಬಾದಾಸ ಕಬ್ಬಿನ ಲಾರಿ ಓಡಿಸಿ ಬಂದು ಮಲಗಿದ್ದವರು, ಆಕಿಗೆ ನೀನೇ ಬುದ್ಧಿ ಹೇಳು ಎಂದು ಮಗ್ಗುಲು ಬದಲಿಸಿದರು. ಬುದ್ಧಿ ಹೇಳಿ ಹೇಳಿ ನನಗೂ ಸಾಕಾಗಿತ್ತು. ರೊಟ್ಟಿ ಬಡಿದಿಟ್ಟು, ಹೊಲಿಯಲು ತಂದಿದ್ದ ಬ್ಲೌಸುಗಳನ್ನು ಹಾಗೇ ಬಿಟ್ಟು, ಅವಳನ್ನು ಕರೆದುಕೊಂಡು ಹುಮನಾಬಾದಿಗೆ ಹೊರಟೆ.

ಡಾಕ್ಟರ್ ಗಜಾಲಾ ಅವರದು ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಮಹಡಿಯ ಮೇಲೆ ಚರ್ಮದ ಆಸ್ಪತ್ರೆ. ಲೇಸರ್ ಯಂತ್ರ ಇರುವ ಕೋಣೆಗೆ ಕಿಟಕಿ ಮುಚ್ಚಿತ್ತು. ಗೋಡೆಯ ಕನ್ನಡಿಗೂ ದಪ್ಪ ಬಟ್ಟೆ ಹಾಕಿದ್ದರು. ಸಾವಿನ ಮನೆಯಲ್ಲಿ ಹೀಗೆ ಮುಚ್ಚುವುದನ್ನು ಕಂಡಿದ್ದೆ, ಇಲ್ಲೇಕೆ ಎಂದು ಕೇಳಿದೆ. ಬೆಳಕು ಕನ್ನಡಿಗೆ ಬಡಿದು ಯಾರ ಕಣ್ಣಿಗಾದರೂ ಹೊಕ್ಕರೆ ಕಣ್ಣು ಹೋಗುತ್ತದೆ, ಯಂತ್ರ ನಡೆಯುವಾಗ ಒಳಗಿದ್ದವರೆಲ್ಲ ಅದಕ್ಕೆಂದೇ ಮಾಡಿದ ಕನ್ನಡಕ ಹಾಕಬೇಕು ಎಂದರು.

ಆಮೇಲೆ ಪೂನಂಳನ್ನು ಕೂರಿಸಿ ಬಹಳ ಹೊತ್ತು ಕೇಳಿದರು. ಮುಟ್ಟು ಸರಿಯಾಗಿ ಆಗುತ್ತದೆಯೇ, ದಾರದಿಂದ ಕೂದಲು ತೆಗೆಸುತ್ತೀಯಾ, ಯಾವ ಗುಳಿಗೆ ನುಂಗುತ್ತೀಯ, ಮುಖಕ್ಕೆ ಏನು ಹಚ್ಚುತ್ತೀಯ. ಕೊನೆಯದಕ್ಕೆ ಅವಳು ಚೀಲದಿಂದ ಒಂದು ಟ್ಯೂಬ್ ತೆಗೆದು ತೋರಿಸಿದಳು. ಬೆಳ್ಳಗಾಗಲೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದು, ನಮ್ಮ ಓಣಿಯ ಅರ್ಧ ಹುಡುಗಿಯರು ಅದನ್ನೇ ಹಚ್ಚುತ್ತಾರೆ. ಡಾಕ್ಟರು ದೀಪ ಹತ್ತಿರ ತಂದು ಅವಳ ಕೆನ್ನೆಯನ್ನು ನೋಡಿದರು. ನಾನು ದಿನಾ ನೋಡುವ ಮುಖವೇ. ಆ ಬೆಳಕಿನಲ್ಲಿ ಮಾತ್ರ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ ಕಂಡಿತು, ಅದರ ಕೆಳಗೆ ಕೆಂಪು ನರಗಳು.

"ಇವತ್ತ ಮಾಡಂಗಿಲ್ಲ ಬೇಟಿ," ಎಂದರು. "ಈ ಕ್ರೀಮು ನಿನ್ನ ಚರ್ಮ ತಿಂದದ. ಮ್ಯಾಲ ಬಿಸಿಲಿಗೆ ಕಪ್ಪಾಗಿದ್ದೀ. ಈಗ ಲೇಸರ್ ಹೊಡದ್ರ ಕೂದಲಾ ಸುಡ್ತದೋ ಮಾರಿ ಸುಡ್ತದೋ, ನಾ ಹೇಳಾಕ ಆಗಲ್ಲ."

ಕ್ರೀಮು ಬಿಡಬೇಕು, ಬಿಟ್ಟರೆ ಮೊದಲಿಗೆ ಮುಖ ಇನ್ನಷ್ಟು ಕೆರಳುತ್ತದೆ, ಅದಕ್ಕೆ ಬೇರೆ ಔಷಧಿ ಕೊಡುತ್ತೇನೆ, ರಕ್ತ ಪರೀಕ್ಷೆ ಮಾಡಿಸಿ, ಮಳೆ ಬಿದ್ದ ಮೇಲೆ ಬನ್ನಿ ಎಂದರು. ಆಗಲೂ ಮೊದಲು ದವಡೆಯ ಕೆಳಗೆ ಒಂದೇ ಒಂದು ಚುಕ್ಕೆ ಹೊಡೆದು ಕೆಲವು ವಾರ ಕಾಯುತ್ತಾರಂತೆ. ಅದು ತಡೆದುಕೊಂಡರೆ ಮಾತ್ರ ಮುಂದಿನದು. ಹೀಗೆ ವರ್ಷವಾದರೂ ಬೇಕು. ಅಲ್ಲಿಯತನಕ ಬ್ಲೇಡಿನಿಂದ ತೆಗೆದುಕೊಂಡರೆ ತಪ್ಪಿಲ್ಲ, ಅದರಿಂದ ಕೂದಲು ದಪ್ಪವಾಗುವುದಿಲ್ಲ ಎಂದೂ ಹೇಳಿದರು. ಪೂನಂ ಅದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ಎಂಬಲ್ಲಿಯೇ ಅವಳ ಕಿವಿ ಮುಚ್ಚಿಹೋಗಿತ್ತು.

ಮೇ ತಿಂಗಳ ಮೊದಲಲ್ಲಿ ಅವಳೇ ಬೇರೆ ದಾರಿ ಹುಡುಕಿದಳು. ಬಸವಕಲ್ಯಾಣದಲ್ಲಿ ಶೇವಂತಾಬಾಯಿಯ ಬ್ಯೂಟಿ ಪಾರ್ಲರಿಗೆ ಲೇಸರ್ ಯಂತ್ರ ಬಂದಿದೆ, ಹೋದ ದಿನವೇ ಮಾಡುತ್ತಾರೆ ಎಂದಳು. ಶೇವಂತಾಬಾಯಿ ನನ್ನ ತವರು ನಾರಾಯಣಪುರದವಳು. ಚಿಕ್ಕವಳಿದ್ದಾಗ ಅವಳ ತಲೆಯ ಹೇನು ತೆಗೆದಿದ್ದೇನೆ. ನಮ್ಮೂರ ಹುಡುಗಿ ನಮಗೆ ಕೆಟ್ಟದ್ದು ಮಾಡುತ್ತಾಳೆಯೇ ಎಂದು ಪೂನಂ ನನ್ನದೇ ಮಾತನ್ನು ನನಗೇ ಹೇಳಿದಳು. ಡಾಕ್ಟರ ಮಾತು ನೆನಪು ಮಾಡಿಕೊಟ್ಟೆ. ನಾನು ಜನ್ಮವಿಡೀ ದುಪಟ್ಟಾ ಒಳಗೇ ಇರಬೇಕೇನು ಎಂದು ಕೇಳಿ ಊಟ ಬಿಟ್ಟಳು. ಎರಡನೇ ದಿನವೂ ಬಿಟ್ಟಳು. ಒಲೆಯ ಮುಂದೆ ತಣ್ಣಗಾದ ರೊಟ್ಟಿಯನ್ನು ನೋಡಿ ನೋಡಿ ಆಗಲಿ ನಡೆ ಎಂದೆ. ಒಪ್ಪಿದ್ದಲ್ಲ, ದಣಿದಿದ್ದೆ.

ಶೇವಂತಾಬಾಯಿ ನಮ್ಮನ್ನು ನೋಡಿ ನಿಜವಾಗಿಯೂ ಖುಷಿಪಟ್ಟಳು. ಸೊಲ್ಲಾಪುರಕ್ಕೆ ಹೋಗಿ ಕಲಿತು ಬಂದೆ, ಯಂತ್ರದವರೇ ಕಲಿಸಿದರು ಎಂದಳು. ಅಂಗಡಿಯ ಮೂರೂ ಗೋಡೆಗೆ ಕನ್ನಡಿ, ನಡುವೆ ಕುರ್ಚಿ. ಪೂನಂಳನ್ನು ಕೂರಿಸಿ ದುಪಟ್ಟಾ ಬಿಚ್ಚಿಸಿ, ಕಣ್ಣಿಗೆ ಹತ್ತಿಯ ಎರಡು ಉಂಡೆ ಇಟ್ಟಳು. ಏನು ಹಚ್ಚುತ್ತೀಯ ಎಂದು ಕೇಳಲಿಲ್ಲ. ನಿನಗೆ ಕನ್ನಡಕ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ, ಬೆಳಕು ಬಂದಾಗ ನಾನು ಮುಖ ಆಚೆ ತಿರುಗಿಸುತ್ತೇನೆ ಬಿಡು ಎಂದಳು.

ಯಂತ್ರ ಗುಂಯ್ ಎನ್ನಲು ಶುರುವಾಯಿತು. ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಕೂಸಿಗೆ ನೀರು ಹಾಕುವ ಮೊದಲು ಯಾವ ತಾಯಿಯಾದರೂ ತನ್ನ ಕೈಮೇಲೆ ಹಾಕಿಕೊಂಡು ನೋಡುತ್ತಾಳೆ. ಹಾಗೆಯೇ ಕುಪ್ಪಸದ ತೋಳು ಮೇಲೆತ್ತಿ ಕೈ ಚಾಚಿದೆ.

"ಮೊದಲ ನನಗ ಹೊಡಿ."

"ಅಯ್ಯ ಅಕ್ಕಾ, ಈ ವಯಸ್ಸಿನ್ಯಾಗ ನಿನಗ್ಯಾಕ ಬೇಕಾಗ್ಯದ? ಮಾಮಾ ಎರಡನೇ ಲಗ್ನ ಮಾಡ್ಕೋತೀನಿ ಅಂದಾರೇನು?" ಎಂದು ಶೇವಂತಾಬಾಯಿ ನಕ್ಕಳು.

"ಹೊಡಿ. ಆಕಿ ನನ್ನ ಹೊಟ್ಟ್ಯಾಗಿಂದೇ ಬಂದಾಕಿ. ನನಗ ಆಗಿದ್ದು ಆಕಿಗಿ ಆಗ್ತದ."

ಪೂನಂ ಹತ್ತಿ ತೆಗೆದು ನನ್ನನ್ನು ನೋಡಿದಳು. ಸಿಟ್ಟಿತ್ತು, ಆದರೂ ಬೇಡ ಎನ್ನಲಿಲ್ಲ. ಶೇವಂತಾಬಾಯಿ ನನ್ನ ಮುಂಗೈಗೆ ತಣ್ಣನೆಯ ಲೋಳೆ ಹಚ್ಚಿ, ಯಂತ್ರದ ಬಾಯಿ ಒತ್ತಿ, ಮುಖ ತಿರುಗಿಸಿದಳು. ನಾನೂ ಕಣ್ಣು ಮುಚ್ಚಿದೆ. ಮುಚ್ಚಿದ ರೆಪ್ಪೆಯೊಳಗೂ ಬಿಳಿ ಬೆಳಕು ಹೊಕ್ಕಿತು. ರೊಟ್ಟಿ ಹಂಚಿನ ಅಂಚು ತಾಗಿದ ಹಾಗೆ ಆಯಿತು. ಐವತ್ತರ ಹತ್ತಿರ ಬಂದವಳಿಗೆ ಹಂಚಿನ ಉರಿ ಹೊಸದಲ್ಲ, ಸುಮ್ಮನಿದ್ದೆ. ಸ್ವಲ್ಪ ಹೊತ್ತು ನೋಡೋಣ ಎಂದೆ. ಅವಳು ಬೇಸರದಿಂದಲೇ ಚಹಾ ತರಿಸಿದಳು.

ಚಹಾ ಮುಗಿಯುವ ಮೊದಲೇ ಕೈಯ ಮೇಲೆ ಬೆಂಕಿಪೆಟ್ಟಿಗೆಯ ಮಗ್ಗುಲಿನಂಥ ಒಂದು ಆಕಾರ ಎದ್ದಿತು. ಮೊದಲು ಬೂದಿಬಣ್ಣ, ಸುತ್ತ ಕೆಂಪು. ಆಮೇಲೆ ಒಂದು ಮೂಲೆಯಲ್ಲಿ ನೀರು ತುಂಬಿ ಉಬ್ಬಿತು. ಶೇವಂತಾಬಾಯಿಯ ಮುಖ ಇಳಿಯಿತು. ಓಡಿ ಹೋಗಿ ಟೂತ್‌ಪೇಸ್ಟ್ ತಂದಳು. ಪೂನಂ ಅವಳ ಕೈ ತಡೆದು, ನನ್ನನ್ನು ನಲ್ಲಿಯ ಬಳಿ ಎಳೆದುಕೊಂಡು ಹೋಗಿ, ಕೈ ಮೇಲೆ ನೀರು ಬಿಟ್ಟು ಹಿಡಿದುಕೊಂಡೇ ನಿಂತಳು.

"ಅಕ್ಕಾ, ನಿನ್ನ ಕೈ ಬಿಸಿಲಿನ್ಯಾಗ ಕರ್ರಗಾಗ್ಯದ, ಅದಕ್ಕ ಹಿಂಗಾಯ್ತು," ಎಂದಳು ಶೇವಂತಾಬಾಯಿ. "ಹುಡುಗಿ ಮಾರಿ ಬೆಳ್ಳಗದ. ಕಮ್ಮಿ ಇಟ್ಟು ಹೊಡೀತೀನಿ."

ಪೂನಂ ನಲ್ಲಿಯಿಂದ ಕಣ್ಣು ತೆಗೆಯದೆ ಕೇಳಿದಳು. "ಕಮ್ಮಿ ಅಂದ್ರ ಎಷ್ಟು, ಮೌಸಿ?"

"ಕಮ್ಮಿ ಅಂದ್ರ... ಕಮ್ಮಿ."

ಶೇವಂತಾಬಾಯಿಯೇ ಯಂತ್ರದ ಸ್ವಿಚ್ ಆರಿಸಿದಳು. ನಾವು ಹೊರಡುವಾಗ ಬಾಗಿಲತನಕ ಬಂದು, ಅಕ್ಕಾ ಊರಲ್ಲಿ ಹೇಳಬೇಡ ಎಂದಳು. ಹೇಳುವುದಿಲ್ಲ, ಆದರೆ ನೀನು ಇನ್ನೊಬ್ಬರ ಮಗಳಿಗೆ ಇದನ್ನು ಮುಟ್ಟಿಸಬೇಡ ಎಂದೆ. ತಲೆಯಾಡಿಸಿದಳು. ಮಾತು ಉಳಿಸಿಕೊಂಡಳೋ ಇಲ್ಲವೋ ಕೇಳಿದವಳಲ್ಲ ನಾನು.

ಬಸ್ಸಿನಲ್ಲಿ ಪೂನಂ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುಮನಾಬಾದಿನಲ್ಲಿ ಊರಿನ ಬಸ್ಸು ನಿಂತಿದ್ದರೂ ಹತ್ತದೆ, ನನ್ನನ್ನು ಸೀದಾ ಗಜಾಲಾ ಅವರಲ್ಲಿಗೆ ಕರೆದೊಯ್ದಳು. ಡಾಕ್ಟರು ಗಾಯ ತೊಳೆದು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಎಲ್ಲಿ, ಏಕೆ ಎಂದೆಲ್ಲ ಕೇಳಿ ತಿಳಿದುಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ಅಮ್ಮಾ, ನಿಮ್ಮ ಚರ್ಮ ನಿಮ್ದು, ಆಕಿ ಚರ್ಮ ಆಕೀದು. ನಿಮ್ಮ ಕೈ ಸುಟ್ಟಿದ್ದು ನಿಮ್ಮ ನಸೀಬ ಛಲೋ ಇತ್ತು ಅಂತ ತಿಳ್ಕೋರಿ. ಸುಡದೆ ಇದ್ದಿದ್ರ ಏನ್ ಮಾಡ್ತಿದ್ರಿ?"

ಸುಡದೆ ಇದ್ದಿದ್ದರೆ ಹೊಡಿ ಎನ್ನುತ್ತಿದ್ದೆ. ಆ ತೆಳ್ಳನೆಯ ಕೆನ್ನೆಗೆ, ಕ್ರೀಮು ತಿಂದ ಚರ್ಮಕ್ಕೆ, ನಾನೇ ನಿಂತು ಹೊಡೆಸುತ್ತಿದ್ದೆ.

ಪೂನಂ ಅವತ್ತೇ ಟ್ಯೂಬ್ ಬಿಟ್ಟಳು. ಡಾಕ್ಟರು ಹೇಳಿದ ಹಾಗೆ ಮುಖ ಕೆಂಪಾಗಿ ಉರಿಯಿತು, ಸಿಪ್ಪೆ ಎದ್ದಿತು. ಜೂನ್ ಬಂದಾಗಲೂ ಪೂರ್ತಿ ಇಳಿದಿರಲಿಲ್ಲ. ಹೋಗುತ್ತೀಯೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಟ್ಟೆ, ಅಷ್ಟೇ. ಬಿಸಿಲಿಗೆಂದು ಕೊಡೆ ತೆಗೆದುಕೊಂಡು ಹೊರಟಳು. ಸಂಜೆ ಬಂದು, ಒಬ್ಬ ಹುಡುಗ ಕೇಳಿದ ಎಂದಳು. ಏನು ಹೇಳಿದೆ ಎಂದೆ. ಹೌದಪ್ಪಾ ಬರ್ತದ, ಡಾಕ್ಟರ್ ಹತ್ರ ತೋರಿಸಾಕತ್ತೇನಿ, ಈಗ ಮಗ್ಗಿ ಹೇಳು ಅಂದೆ ಎಂದಳು. ಹೇಳುವಾಗ ನಗಲಿಲ್ಲ, ಅಳಲೂ ಇಲ್ಲ. ಕಾಲು ಚಾಚಿ ಗೋಡೆಗೆ ಒರಗಿದಳು. ಆ ಹೊತ್ತು ಅವಳು ನನ್ನಷ್ಟೇ ದಣಿದವಳ ಹಾಗೆ ಕಂಡಳು.

ಮಳೆಗಾಲದ ಕೊನೆಗೆ ಡಾಕ್ಟರು ಮುಖ ನೋಡಿ, ಈಗ ಚುಕ್ಕೆ ಹೊಡೆಯಬಹುದು ಎಂದರು. ಯಂತ್ರದಲ್ಲಿ ಎಷ್ಟು ಇಟ್ಟಿದ್ದೇನೆ, ನಿನ್ನ ಬಣ್ಣಕ್ಕೆ ಅಷ್ಟೇ ಏಕೆ ಎಂದು ಪೂನಂಗೆ ಬಿಡಿಸಿ ಹೇಳಿದರು. ಬೇಕಾದರೆ ನೀವೂ ಒಳಗೆ ನಿಲ್ಲಿ ಎಂದು ನನಗೊಂದು ಕನ್ನಡಕ ಚಾಚಿದರು. ತೆಗೆದುಕೊಳ್ಳಲು ಕೈ ಎತ್ತಿದೆ.

"ನೀ ಹೊರಗ ಕೂಡು ಅವ್ವಾ," ಎಂದಳು ಪೂನಂ. "ಜರಾ ಅಡ್ಡಾಗು. ಮುಂಜಾನಿಂದ ನಿಂತೇ ಇದ್ದೀ."

ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಕೂತೆ. ಒಳಗಿನ ಸದ್ದಿಗೆ ಕಿವಿಗೊಟ್ಟು ಕಾಯಬೇಕೆಂದೇ ಇದ್ದೆ. ಆದರೆ ಫ್ಯಾನಿನ ಗಾಳಿ ಬರುತ್ತಿತ್ತು, ಮಾಡಬೇಕಾದ ಕೆಲಸ ಏನೂ ಇರಲಿಲ್ಲ, ಕೂತಲ್ಲೇ ನಿದ್ದೆ ಹೋದೆ. ಅವಳು ಭುಜ ಮುಟ್ಟಿ ಎಬ್ಬಿಸಿದಾಗಲೇ ಎಚ್ಚರ. ಗದ್ದ ಎತ್ತಿ ತೋರಿಸಿದಳು. ದವಡೆಯ ಕೆಳಗೆ ಜೋಳದ ಕಾಳಿನಷ್ಟು ಕೆಂಪು.

"ಉರೀತದೇನು?"

"ಜರಾ. ತಡ್ಕೋತೀನಿ," ಎಂದು ಅವಳು ನನ್ನ ಪಕ್ಕದಲ್ಲೇ ಕೂತಳು.

ನಾನು ಮುಟ್ಟಿ ನೋಡಲಿಲ್ಲ.